ಹಗ್ಗ ಹಿಡಿದವರು

ಶುಕ್ರವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗಳ ಬಾಯಿಂದ ಮಾತು ಜಾರಿತು.

"ಮೊನ್ನೆ ಅಜ್ಜಿ ಹಗ್ಗ ಗಟ್ಟಿಯಾಗಿ ಹಿಡಿದಿದ್ರು, ಅದಕ್ಕೇ ನಾನು ತುದಿ ಮುಟ್ಟಿದೆ."

ತಾಯಿಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಡಾವಣೆಯ ಕ್ರೀಡಾಕೇಂದ್ರದಲ್ಲಿ ಹತ್ತಿ ಆಡುವ ಗೋಡೆಯೊಂದಿದೆ ಎಂಬುದು ಆಕೆಗೆ ಗೊತ್ತಿತ್ತು. ಮಳೆಗಾಲವೆಲ್ಲ ಹುಡುಗಿ ಮನೆಯೊಳಗೆ ಮುದುಡಿ ಕೂರದಿರಲಿ ಎಂದು ಅಲ್ಲಿಗೆ ಸೇರಿಸಿದವಳೂ ಆಕೆಯೇ. ಆದರೆ ಹಗ್ಗದ ಇನ್ನೊಂದು ತುದಿಯಲ್ಲಿ ದಪ್ಪ ತೋಳಿನ ಯಾರೋ ತರಬೇತುದಾರ ಇರುತ್ತಾನೆಂದು ಇಷ್ಟು ದಿನ ನಂಬಿಕೊಂಡಿದ್ದಳು. ಅಲ್ಲಿ ನಿಲ್ಲುತ್ತಿದ್ದದ್ದು ಅತ್ತೆಯೇ! ಹಾಲು ಒಲೆಯ ಮೇಲಿಟ್ಟು ಮರೆಯುವ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅತ್ತೆ.

"ಈ ಆಟ ಇಲ್ಲಿಗೆ ಸಾಕು," ಎಂದಳು.

ಮಗಳ ಮುಖ ಸಪ್ಪಗಾಯಿತು. ಗಂಡ ತಟ್ಟೆಯಿಂದ ತಲೆಯೆತ್ತದೆ, "ಒಂದ್ಸಲ ಹೋಗಿ ನೋಡು. ನೋಡಿದ ಮೇಲೂ ಬೇಡ ಅನ್ನಿಸಿದ್ರೆ ಬಿಡಿಸಿಬಿಡು. ನಾನೂ ಅಡ್ಡ ಬರಲ್ಲ, ಅಮ್ಮನೂ ಅಡ್ಡ ಬರಲ್ಲ," ಎಂದ.

ಅತ್ತೆ ಮೊಮ್ಮಗಳ ಕಡೆ ತಿರುಗಿದರು. "ನಿಮ್ಮಮ್ಮನಿಗೆ ಹೇಳು, ದಪ್ಪ ಕಾಲುಚೀಲ ಹಾಕ್ಕೊಂಡು ಬರಲಿ. ಅಲ್ಲಿ ನೆಲ ತಣ್ಣಗಿರುತ್ತೆ."

"ನಾನೇನು ಪೋಸ್ಟ್ ಡಬ್ಬಾನಾ ಅಜ್ಜಿ? ಅಮ್ಮ ಇಲ್ಲೇ ಎದುರಿಗೇ ಕೂತಿದಾಳಲ್ಲ!"

ಅತ್ತೆ ಸೊಸೆಗೆ ಜಗಳವೇನೂ ಇರಲಿಲ್ಲ. ಒಂದು ದಿನವೂ ಬಾಯಿಗೆ ಬಾಯಿ ಕೊಟ್ಟವರಲ್ಲ. ಆದರೆ ನೇರ ಮಾತೂ ಇರಲಿಲ್ಲ. ಮಗು ತೊಟ್ಟಿಲಲ್ಲಿದ್ದಾಗ ಶುರುವಾದ ಅಭ್ಯಾಸ ಅದು. "ನೋಡಿದ್ಯಾ ಪಾಪು, ನಿಮ್ಮಮ್ಮ ನಿನಗೆ ಟೋಪಿ ಹಾಕೋದೇ ಮರೆತಳು," ಎಂದು ಅತ್ತೆ ಮಗುವಿಗೆ ಹೇಳುವರು. "ಪಾಪುಗೆ ಸೆಕೆ ಆಗುತ್ತೆ ಅಂತ ಅಜ್ಜಿಗೆ ಹೇಳು ಚಿನ್ನ," ಎಂದು ಸೊಸೆಯೂ ಮಗುವಿಗೇ ಹೇಳುವಳು. ಮಗುವನ್ನು ದಾಟಿ ಹೋಗುವಾಗ ಮಾತಿನ ಮೊನಚು ಮೊಂಡಾಗುತ್ತಿತ್ತು. ಇಬ್ಬರಿಗೂ ಅದು ಅನುಕೂಲವೆನಿಸಿತು. ಮಗು ಬೆಳೆದು ಹನ್ನೊಂದು ವರ್ಷದ ಹುಡುಗಿಯಾದರೂ ಅಭ್ಯಾಸ ಮಾತ್ರ ಕೂತಲ್ಲೇ ಕೂತಿತ್ತು.

ಭಾನುವಾರ ಬೆಳಿಗ್ಗೆ ಮಳೆ ಹಿಡಿದುಕೊಂಡು ಹೊಡೆಯುತ್ತಿತ್ತು. ಅಜ್ಜಿ, ಮೊಮ್ಮಗಳು ಒಂದೇ ಕೊಡೆಯಡಿ ಗುಸುಗುಸು ಮಾಡಿಕೊಂಡು ಮುಂದೆ ನಡೆದರೆ, ತಾಯಿ ಇನ್ನೊಂದು ಕೊಡೆ ಹಿಡಿದು ಹಿಂದೆ ನಡೆದಳು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಇಂಥ ದಿನ ಯಾರು ಬಂದಾರು, ಬಾಗಿಲು ಹಾಕಿದ್ದರೆ ಒಳ್ಳೆಯದೇ ಆಯಿತು ಎಂದು ಒಳಗೊಳಗೇ ಆಸೆಪಟ್ಟಳು.

ಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟರೆ ಊರಿಗೆ ಊರೇ ಅಲ್ಲಿ ಬಂದು ಸೇರಿದ ಹಾಗಿತ್ತು. ಗೋಡೆಯ ಬದಿಯಲ್ಲಿ ಒದ್ದೆ ಕೊಡೆಗಳ ಸಾಲು. ಎಡಕ್ಕೆ ಗಾಜಿನಾಚೆ ಈಜುಕೊಳದಲ್ಲಿ ಹತ್ತಾರು ಮುದುಕರು ಎದೆಮಟ್ಟದ ನೀರಿನಲ್ಲಿ ಗಂಭೀರವಾಗಿ ನಡೆಯುತ್ತಿದ್ದರು, ಯಾವುದೋ ಮುಖ್ಯವಾದ ಸಭೆಗೆ ಹೊರಟವರಂತೆ. ಬಲಕ್ಕೆ ಬ್ಯಾಡ್ಮಿಂಟನ್ ಅಂಕಣಗಳು. ಒಬ್ಬ ಬಸುರಿ ಹೆಂಗಸು ಬೆಂಚಿನ ಮೇಲೆ ಕೂತು ಗಂಡನ ಆಟಕ್ಕೆ ತಪ್ಪು ಹೇಳುತ್ತಿದ್ದಳು. ತಲೆಯ ಮೇಲೆ ಸುತ್ತಲೂ ಓಡುದಾರಿ, ಅಲ್ಲಿ ಬೂಟುಗಳ ಸದ್ದು. ಹೊರಗಿನ ಮಳೆ ಇವರ್ಯಾರಿಗೂ ಲೆಕ್ಕಕ್ಕಿರಲಿಲ್ಲ.

ಕೊನೆಯ ಬಾಗಿಲು ತಳ್ಳಿಕೊಂಡು ಒಳಗೆ ಹೋದಾಗ ಆಕೆ ನಿಂತುಬಿಟ್ಟಳು.

ಗೋಡೆ ಮೂರಂತಸ್ತಿನ ಎತ್ತರವಿತ್ತು. ನೆಟ್ಟಗಿರಲಿಲ್ಲ. ಒಂದೆಡೆ ಹೊಟ್ಟೆ ಉಬ್ಬಿಸಿ, ಇನ್ನೊಂದೆಡೆ ಒಳಗೆ ಸರಿದು, ತುದಿಯಲ್ಲಿ ಮುಂದಕ್ಕೆ ಬಾಗಿತ್ತು. ಮೈತುಂಬ ಹಳದಿ, ಕೆಂಪು, ನೀಲಿ ಗುಬುಟುಗಳು. ಅವನ್ನು ಹಿಡಿದು, ಅವುಗಳ ಮೇಲೆ ಹೆಜ್ಜೆಯೂರಿ, ಮನುಷ್ಯರು ಮೇಲೇರುತ್ತಿದ್ದರು. ಜಾರದಿರಲೆಂದು ಅವರು ಕೈಗೆ ಬಳಿದುಕೊಂಡ ಸೀಮೆಸುಣ್ಣದ ಪುಡಿ ಬೆಳಕಿನಲ್ಲಿ ತೇಲುತ್ತಿತ್ತು. ಆಕೆಗೆ ಉಸಿರಾಡುವುದೇ ಮರೆತಂತಾಯಿತು. ಅದು ಭಯವೋ ಬೇರೆ ಏನೋ ಎಂದು ತಕ್ಷಣ ತಿಳಿಯಲಿಲ್ಲ. ಗೊತ್ತಿದ್ದದ್ದು ಭಯವೊಂದೇ ಆದ್ದರಿಂದ ಇದನ್ನೂ ಭಯವೆಂದೇ ಅಂದುಕೊಂಡಳು.

"ಓಹೋ, ಮರಿಹಲ್ಲಿ ಇವತ್ತು ಅಮ್ಮನ್ನೂ ಕರ್ಕೊಂಡು ಬಂದಿದೆ!" ಕುತ್ತಿಗೆಗೆ ಸೀಟಿ ಹಾಕಿಕೊಂಡ ಕೋಚ್ ಮೇಡಂ ನಗುತ್ತ ಬಂದರು.

ತನ್ನ ಮಗಳಿಗೆ ಇಲ್ಲಿ ಬೇರೆ ಹೆಸರಿದೆ ಎಂಬುದೂ ಆಕೆಗೆ ಹೊಸದು.

"ಇಲ್ಲಿ ಇರೋದು ಒಂದೇ ಕಟ್ಟುನಿಟ್ಟು," ಎಂದರು ಮೇಡಂ. "ಹತ್ತೋರ ಜೊತೆ ಹಗ್ಗ ಹಿಡಿದೋರು ಮಾತ್ರ ಮಾತಾಡ್ಬೇಕು. ಹಗ್ಗ ಹಿಡಿದೋರ ಜೊತೆ ಹತ್ತೋರು ಮಾತ್ರ. ಮಿಕ್ಕೋರು ಬಾಯಿಗೆ ಬೀಗ."

ಅತ್ತೆ ಸೀರೆಯ ಬದಲು ಸಲ್ವಾರ್ ತೊಟ್ಟು, ಸೊಂಟಕ್ಕೂ ತೊಡೆಗೂ ಅಗಲವಾದ ಪಟ್ಟಿ ಬಿಗಿದುಕೊಂಡು ಬಂದರು. ಹಗ್ಗ ಹುಡುಗಿಯ ಪಟ್ಟಿಯಿಂದ ಹೊರಟು ಮೇಲೆ ತೊಲೆಗೆ ಬಿಗಿದ ಉಕ್ಕಿನ ಬಳೆಯೊಳಗೆ ನುಸುಳಿ ಕೆಳಗಿಳಿದು ಅತ್ತೆಯ ಸೊಂಟದ ಕೊಂಡಿಗೆ ಬರುತ್ತಿತ್ತು. ಅಜ್ಜಿ ಮೊಮ್ಮಗಳ ಗಂಟನ್ನು ಎಳೆದು ನೋಡಿದರು. ಮೊಮ್ಮಗಳು ಅಜ್ಜಿಯ ಕೊಂಡಿಯನ್ನು ಅಲ್ಲಾಡಿಸಿ ನೋಡಿದಳು. ತಾಯಿ ಪಠ್ಯಪುಸ್ತಕಗಳ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ತಪ್ಪಿಗಾಗಿ ಹುಡುಕಿದ ಅವಳ ಕಣ್ಣಿಗೂ ಆ ಗಂಟಿನಲ್ಲಿ ತಪ್ಪು ಸಿಗಲಿಲ್ಲ.

"ಹಗ್ಗ?" ಎಂದಳು ಹುಡುಗಿ.

"ಹಿಡಿದೆ," ಎಂದರು ಅಜ್ಜಿ.

"ಹತ್ತಲಾ?"

"ಹತ್ತು ಕಂದ."

ಹುಡುಗಿ ಹತ್ತಿದಳು. ಮನೆಯಲ್ಲಿ ಮಂಚದಿಂದ ಎಬ್ಬಿಸುವುದೇ ದೊಡ್ಡ ಕೆಲಸವಾಗಿದ್ದ ಹುಡುಗಿ ಗೋಡೆಗೆ ಮೈ ಹಚ್ಚಿ, ಒಂದು ಕಾಲು ಚಾಚಿ, ಬೆರಳ ತುದಿಯಲ್ಲಿ ತೂಗಿ, ಸರಸರನೆ ಏರಿದಳು. ಪ್ರತಿ ಹೆಜ್ಜೆಗೂ ಅಜ್ಜಿಯ ಕೈ ಹಗ್ಗದ ಸಡಿಲವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ತಾಯಿ ನುಂಗಲಾರದೆ ಉಗುಳಲಾರದೆ ನಿಂತಿದ್ದಳು. ಗೋಡೆ ಮುಂದಕ್ಕೆ ಬಾಗುವಲ್ಲಿ ಹುಡುಗಿಯ ಕಾಲು ಗುಬುಟು ಸಿಗದೆ ಗಾಳಿಯಲ್ಲಿ ತಡಕಾಡಿತು.

"ಅತ್ತೆ! ಇಳಿಸಿ ಅವಳನ್ನ!"

ಆಕೆಯ ಬಾಯಿಂದ ಬಂದ ಕೂಗು ಇಡೀ ಹಜಾರಕ್ಕೆ ಕೇಳಿಸಿತು. ಬೇರೆ ಯಾರ ಕೂಗಾಗಿದ್ದರೂ ಅತ್ತೆ ತಿರುಗುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಸೊಸೆ ನೇರವಾಗಿ ತಮ್ಮನ್ನು ಕರೆದದ್ದು ಅದೇ ಮೊದಲು. ಬೆರಗಾಗಿ ಕತ್ತು ಹೊರಳಿಸಿದರು. ಮೇಲೆ ಹುಡುಗಿಯೂ ಬೆರಗಾಗಿ ಕೆಳಗೆ ನೋಡಿದಳು. ಅದೇ ಕ್ಷಣ ಅವಳ ಕೈ ಜಾರಿತು.

ಎಳೆದುಕೊಳ್ಳದೆ ಉಳಿದಿದ್ದ ಹಗ್ಗದ ಉದ್ದದಷ್ಟೂ ಹುಡುಗಿ ಕೆಳಗೆ ಬಂದಳು. ಆಮೇಲೆ ಹಗ್ಗ ಬಿಗಿಯಿತು. ಅತ್ತೆಯ ಎರಡು ಕಾಲೂ ನೆಲ ಬಿಟ್ಟು ಮೇಲೆದ್ದವು. ಅಜ್ಜಿ, ಮೊಮ್ಮಗಳು ಒಂದೇ ಹಗ್ಗದ ಎರಡು ತುದಿಯಲ್ಲಿ ತಕ್ಕಡಿಯಂತೆ ತೂಗಿದರು. ಕನ್ನಡಕ ಮೂಗಿನ ಮೇಲಿಂದ ಹಾರಿಹೋಗಿತ್ತು. ಹಗ್ಗದ ಮೇಲಿನ ಬಲಗೈ ಮಾತ್ರ ಕಲ್ಲಿನಲ್ಲಿ ಕೆತ್ತಿದಂತೆ ಮುಷ್ಟಿ ಕಟ್ಟಿತ್ತು.

"ಇದೀನಿ ಕಂದ," ಎಂದರು ಅತ್ತೆ, ಗಾಳಿಯಲ್ಲಿ ನೇತಾಡುತ್ತಲೇ. ದನಿ ಚೂರೂ ನಡುಗಲಿಲ್ಲ. "ನಿಧಾನ. ಇಳಿಸ್ತೀನಿ."

ನೆಲ ಮುಟ್ಟಿದೊಡನೆ ಹುಡುಗಿ ತಾಯಿಯ ಮೇಲೆ ರೇಗಿದಳು. "ನೀನು ಕೂಗಿದ್ದಕ್ಕೇ ನಾನು ಬಿದ್ದಿದ್ದು!"

"ಗೊತ್ತು," ಎಂದಳು ತಾಯಿ. "ಅದಕ್ಕೇ ಹೇಳ್ತಿದೀನಿ, ನಡಿ ಮನೆಗೆ. ಇನ್ನು ಈ ಕಡೆ ತಲೆ ಹಾಕೋದು ಬೇಡ."

ಅತ್ತೆ ಕೆಳಗೆ ಬಿದ್ದಿದ್ದ ಕನ್ನಡಕ ತೆಗೆದು ಸೆರಗಿಗಾಗಿ ಹುಡುಕಿ, ಸೆರಗಿಲ್ಲವೆಂದು ನೆನಪಾಗಿ, ತೋಳಿಗೆ ಒರೆಸಿಕೊಂಡರು. "ನಿಮ್ಮಮ್ಮನಿಗೆ ಹೇಳು, ಬೇಡ ಅನ್ನೋ ಮುಂಚೆ ಒಂದ್ಸಲ ತಾನೇ ಹತ್ತಿ ನೋಡಲಿ. ಹಗ್ಗ ನಾನೇ ಹಿಡೀತೀನಿ ಅಂತ ಹೇಳು."

ಹುಡುಗಿ ಕೈ ಕಟ್ಟಿಕೊಂಡಳು. "ಇಲ್ಲಿ ನಾನು ಹೇಳಲ್ಲ. ಇಲ್ಲಿ ನಡುವೆ ಮಾತಾಡೋ ಹಾಗಿಲ್ಲ."

ತಾಯಿ ಬಾಗಿಲ ಕಡೆ ನೋಡಿದಳು. ಹೊರಟುಹೋಗುವುದು ಸುಲಭವಿತ್ತು. ಗಂಡ ಮಾತು ಕೊಟ್ಟಿದ್ದ, ಯಾರೂ ಅಡ್ಡ ಬರುತ್ತಿರಲಿಲ್ಲ. ಆದರೆ ನೆಲ ಬಿಟ್ಟು ಮೇಲೆದ್ದಿದ್ದ ಆ ಎರಡು ಪಾದಗಳು ಆಕೆಯ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ತಾನು ಎಸಗಿದ ತಪ್ಪನ್ನು ಈ ಹೆಂಗಸು ಬರೀ ಒಂದು ಮುಷ್ಟಿಯಲ್ಲಿ ತಡೆದಿದ್ದರು. ಎತ್ತಿ ಆಡಲೂ ಇಲ್ಲ.

"ಪಟ್ಟಿ ಕಟ್ಟೋದು ಹೇಗೆ?" ಎಂದು ಮೇಡಂ ಅವರನ್ನು ಕೇಳಿದಳು.

ಆಕೆ ಅತ್ತೆಗಿಂತ ತೂಕದವಳು. ಅತ್ತೆ ಮತ್ತೆ ನೆಲ ಬಿಟ್ಟು ಏಳದಿರಲೆಂದು ಮೇಡಂ ಒಂದು ಮರಳಿನ ಮೂಟೆ ಎಳೆದು ತಂದು ಅವರ ಪಟ್ಟಿಗೆ ಸಿಕ್ಕಿಸಿದರು. ಹುಡುಗಿಗೆ ನಗು ತಡೆಯಲಾಗಲಿಲ್ಲ. "ಒಂದು ಸಾಕಾ ಮೇಡಂ?"

ಆಕೆ ಗೋಡೆಯ ಬುಡದಲ್ಲಿ ನಿಂತಳು. ಎಲ್ಲರೂ ಕಾಯುತ್ತಿದ್ದರು. ಹೇಳಬೇಕಾದದ್ದು ಒಂದೇ ಪದ.

"ಹಗ್ಗ?" ಎಂದಳು ಕೊನೆಗೆ.

"ಹಿಡಿದೆ."

"ಹತ್ತಲಾ... ಅತ್ತೆ?"

"ಹತ್ತಮ್ಮ."

ಮೊದಲ ಕೆಲವು ಹೆಜ್ಜೆ ಏಣಿಯಂತೆ ಸಲೀಸಾಗಿತ್ತು. ಆಮೇಲೆ ಮುಂಗೈ ಉರಿಯತೊಡಗಿತು, ಮೊಣಕಾಲು ಹೊಲಿಗೆಯಂತ್ರದ ಸೂಜಿಯಂತೆ ಕುಣಿಯತೊಡಗಿತು. ಗೋಡೆ ಹೊಟ್ಟೆ ಉಬ್ಬಿಸುವಲ್ಲಿ ಆಕೆ ಅಂಟಿಕೊಂಡು ನಿಂತಳು. ಮೇಲೂ ಇಲ್ಲ, ಕೆಳಗೂ ಇಲ್ಲ.

"ಆಗಲ್ಲ ಅತ್ತೆ."

"ಸರಿ, ಆಗದಿದ್ರೆ ಬಿಡು. ಅವಸರ ಏನಿಲ್ಲ. ಸುಮ್ನೆ ನಿಂತಿರು."

"ಕೈ ನೋಯ್ತಿದೆ."

"ನೋಯುತ್ತೆ. ಅದನ್ನ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀಯ, ಪಾಪ ಆ ಗುಬುಟು ಏನು ಮಾಡಿತ್ತು? ಎಡಗಾಲಿನ ಪಕ್ಕ ಹಳದಿ ಒಂದಿದೆ ನೋಡು. ಮೊಣಕಾಲಿನಷ್ಟೇ ಎತ್ತರ."

ಇತ್ತು. ಕಾಲಿಟ್ಟಳು.

"ಈಗ ಬಲಗೈ ಬಿಡು. ಬೀಳಲ್ಲ. ಬಿದ್ರೂ ನಾನಿದೀನಲ್ಲ."

ಆಕೆಗೆ ಅಚ್ಚರಿಯಾಯಿತು. ಇಷ್ಟು ವರ್ಷ ಈ ದನಿ ಮಗುವಿನ ಮೂಲಕ ಸೋಸಿ ತನಗೆ ಬರುತ್ತಿತ್ತು. ಈಗ ಯಾವ ಬೆರಕೆಯೂ ಇಲ್ಲದೆ ನೆಟ್ಟಗೆ ಬೆನ್ನಿಗೆ ಬಂದು ತಾಗುತ್ತಿತ್ತು. ಮೊನಚು ಎಲ್ಲೂ ಇರಲಿಲ್ಲ. ಅಥವಾ ಇದ್ದರೂ, ಇಷ್ಟು ಎತ್ತರದಲ್ಲಿ ಅದನ್ನು ಹುಡುಕಲು ಪುರುಸೊತ್ತಿರಲಿಲ್ಲ.

ಎಷ್ಟು ಹೊತ್ತಾಯಿತೋ, ಕೈ ಮೇಲಿನ ಉಕ್ಕಿನ ತೊಲೆಗೆ ತಾಗಿತು.

ಅಲ್ಲಿ ಚಾವಣಿಯ ಗಾಜು ಆಕೆಯ ತಲೆಗೆ ಒಂದು ಮೊಳ ದೂರದಲ್ಲಿತ್ತು. ಮಳೆ ಅದರ ಮೇಲೆ ಬಿದ್ದು ಒಡೆದು ಹರಿಯುವುದನ್ನು ಕೆಳಗಿನಿಂದ ನೋಡಿದಳು. ನೀರಿನೊಳಗಿನಿಂದ ಆಕಾಶ ನೋಡಿದಂತಿತ್ತು. ತಿರುಗಿ ಕೆಳಗೆ ನೋಡಿದರೆ ಕಟ್ಟಡವೆಲ್ಲ ಒಟ್ಟಿಗೆ ಉಸಿರಾಡುತ್ತಿತ್ತು. ಗಾಜಿನ ಗೋಡೆಗಳಾಚೆ ಓಡುವವರು ಓಡುತ್ತಿದ್ದರು, ಬಿಳಿ ಹಕ್ಕಿಗಳಂತೆ ಶಟಲ್‌ಗಳು ಎದ್ದು ಬೀಳುತ್ತಿದ್ದವು, ದೂರದಲ್ಲಿ ಮುದುಕರು ನೀರನ್ನು ಸೀಳಿಕೊಂಡು ಇನ್ನೂ ನಡೆಯುತ್ತಲೇ ಇದ್ದರು. ಯಾರೂ ಎಲ್ಲಿಗೂ ಹೊರಟವರಲ್ಲ. ಬರೀ ಮೈಯಿದೆ, ಅದು ಅಲ್ಲಾಡುತ್ತದೆ ಎಂಬ ಸಂತೋಷಕ್ಕೆ ಬಂದವರು. ಇಷ್ಟೆಲ್ಲ ತನ್ನ ಮನೆಯಿಂದ ಎರಡು ಬೀದಿಯಾಚೆ ವರ್ಷವಿಡೀ ನಡೆಯುತ್ತಿತ್ತೇ?

ಎಲ್ಲದರ ತಳದಲ್ಲಿ ಒಂದು ಸಣ್ಣ ಮುಖ ಮೇಲಕ್ಕೆ ತಿರುಗಿತ್ತು. ಅತ್ತೆ. ರೆಪ್ಪೆ ಕೂಡ ಬಡಿಯದೆ ಸೊಸೆಯನ್ನೇ ನೋಡುತ್ತಿದ್ದರು. ತನ್ನನ್ನು ಯಾರಾದರೂ ಇಷ್ಟು ಪೂರ್ತಿಯಾಗಿ ನೋಡಿದ್ದುಂಟೇ ಎಂದು ಯೋಚಿಸಿದಳು. ವಾರಕ್ಕೆರಡು ಸಲ ತನ್ನ ಮಗಳಿಗೆ ಸಿಗುತ್ತಿದ್ದದ್ದು ಈ ನೋಟ. ಅದನ್ನೇ ತಾನು ನಿಲ್ಲಿಸಹೊರಟದ್ದು.

"ಈಗ ಎರಡೂ ಕೈ ಬಿಟ್ಟು ಹಿಂದಕ್ಕೆ ಕೂರು," ಎಂದರು ಅತ್ತೆ. "ಕುರ್ಚಿ ಮೇಲೆ ಕೂತ ಹಾಗೆ."

ಹತ್ತುವುದಕ್ಕಿಂತ ಅದೇ ಕಷ್ಟವಾಯಿತು. ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು. ಗಾಳಿಯೇ ಬಂದು ಹೊತ್ತುಕೊಂಡಂತಾಯಿತು.

ಕೆಳಗೆ ಬಂದಾಗ ಆಕೆಯ ಬೆರಳುಗಳಲ್ಲಿ ಗಂಟು ಬಿಚ್ಚುವಷ್ಟೂ ಕಸುವು ಉಳಿದಿರಲಿಲ್ಲ. ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಕೇಳಬೇಕಾದದ್ದೆಲ್ಲ ಅವಳ ಕಣ್ಣಲ್ಲೇ ಇತ್ತು.

"ಬಿಚ್ಚು ಇದನ್ನ," ಎಂದಳು ತಾಯಿ. "ನೀನು ಕಟ್ಕೋ. ತುದಿ ಮುಟ್ಟದೆ ಕೆಳಗೆ ಬಂದೆಯಲ್ಲ, ಹೋಗಿ ಮುಟ್ಟಿ ಬಾ."

ಹುಡುಗಿ ಕಿರುಚಿದ ಸದ್ದಿಗೆ ಆಚೆ ಕಡೆಯವರೂ ತಿರುಗಿ ನೋಡಿದರು. ಮೇಡಂ ಸೀಟಿ ಊದಿ, ಗದರಿಸುವಂತೆ ಕಣ್ಣು ಬಿಟ್ಟರು. ಹುಡುಗಿ ಹಗ್ಗ ಕಟ್ಟಿಕೊಳ್ಳತೊಡಗಿದಳು.

ಮರಳಿನ ಮೂಟೆ ಬಿಚ್ಚುತ್ತಿದ್ದ ಅತ್ತೆಯ ಪಕ್ಕ ಆಕೆ ಕುಕ್ಕರಗಾಲಲ್ಲಿ ಕೂತಳು. "ಅತ್ತೆ, ಮೇಲಿನಿಂದ ಹಾಗೆ ಕಾಣುತ್ತೆ ಅಂತ ನೀವು ಯಾಕೆ ಹೇಳಲೇ ಇಲ್ಲ?"

"ನನಗೆ ಹೇಗೆ ಗೊತ್ತಿರುತ್ತೆ?" ಎಂದರು ಅತ್ತೆ. "ನಾನು ಹತ್ತೇ ಇಲ್ಲ."

"ಒಂದ್ಸಲಾನೂ?"

"ಇವಳು ಹಿಡಿಯೋಕೆ ಪುಟ್ಟೋಳು. ಮೇಡಂ ಹಿಡೀತೀನಿ ಅಂದ್ರು. ಅವರು ಒಳ್ಳೆಯೋರೇ, ಆದ್ರೂ ಹೊರಗಿನೋರ ಕೈಯಲ್ಲಿ ಜೀವ ಕೊಟ್ಟು ಹೋಗೋಕೆ ನನಗೆ ಭಯ." ತಲೆ ತಗ್ಗಿಸಿ ಕೊಂಡಿ ಸರಿಮಾಡಿಕೊಂಡರು. "ನೀನು ಹಗ್ಗ ಹಿಡಿಯೋದು ಕಲಿತ್ಕೊಂಡ್ರೆ ನೋಡೋಣ."

ಆಕೆ ಉತ್ತರ ಕೊಡುವ ಮೊದಲೇ ಗೋಡೆಯ ಬುಡದಿಂದ ಕೂಗು ಬಂತು.

"ಹಗ್ಗ?"

"ಹಿಡಿದೆ," ಎಂದರು ಅತ್ತೆ, ಮುಖ ಆಗಲೇ ಮೇಲಕ್ಕೆ.

ಆಕೆ ಅತ್ತೆಯ ಎರಡೂ ಕೈಗಳನ್ನು ನೋಡುತ್ತ ನಿಂತಳು. ಯಾವುದು ಎಳೆಯುತ್ತದೆ, ಯಾವುದು ಬಿಡದೆ ಹಿಡಿದಿರುತ್ತದೆ ಎಂದು ಗಮನಿಸುತ್ತಿದ್ದಳು. ಮೇಲೆ, ಗೋಡೆ ಬಾಗುವಲ್ಲಿ, ಮಗಳ ಕಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ಕೂಗಲು ತೆರೆದುಕೊಂಡ ಬಾಯನ್ನು ತಾಯಿ ಮುಚ್ಚಿ, ಮತ್ತೆ ಅತ್ತೆಯ ಕೈಗಳನ್ನು ನೋಡಿದಳು.