ಸುಟ್ಟ ಮೀನಿನ ಒಳಗೆ

ಹೊಳೆಮೀನು ಸಿಕ್ಕ ದಿನ ಪಾಲಹಳ್ಳಿಯ ಚಿಕ್ಕಸ್ವಾಮಿಯವರ ಕೈ ಸುಮ್ಮನಿರುವುದಿಲ್ಲ. ಸಾರಿನ ಮೀನು ಮನೆ ಸೇರುವ ಮೊದಲೇ ಒಂದೆರಡನ್ನು ದಂಡೆಯಲ್ಲೇ ಒಣಹುಲ್ಲಿನ ಬೆಂಕಿಗೆ ಹಿಡಿದು, ಮೇಲೆಲ್ಲ ಕರ್ರಗಾಗುತ್ತಲೇ ಉಪ್ಪು ಸವರಿ ತಿನ್ನಬೇಕು. ಅವರಪ್ಪನ ಕಾಲದಿಂದ ಬಂದ ರೂಢಿ.

ಆ ಭಾನುವಾರ ಸೊಸೆ ರಂಜಿತ ಅಲ್ಲೇ ಕಲ್ಲಿನ ಮೇಲೆ ಮೀನು ಉಜ್ಜುತ್ತಿದ್ದಳು. ಒಂದರ ಹೊಟ್ಟೆ ಸೀಳಿದಾಗ ಬಿಳಿ ಲಾಡಿಯಂಥದ್ದು ಜಾರಿ ಬಿತ್ತು. ಕರುಳು ಅಂದುಕೊಂಡಳು. ಅದು ಮೆಲ್ಲಗೆ ಸುರುಳಿ ಸುತ್ತಿತು.

ಹುಳವೇ ಇರಬೇಕು. ತಿರುಗಿ ನೋಡಿದರೆ, ಐದು ವರ್ಷದ ಮಗಳು ಸ್ನೇಹ ತಾತನ ತೊಡೆಯ ಮೇಲೆ ಬಾಯಿ ತೆರೆದು ಕೂತಿದ್ದಾಳೆ. ತಾತನ ಬೆರಳಲ್ಲಿ ಹೊಗೆಯಾಡುವ ಮೀನಿನ ತುಣುಕು.

ರಂಜಿತ ಮಾವನಿಗೆ ಎಂದೂ ಎದುರಾಡಿದವಳಲ್ಲ. ಅದು ಹುಳವೇ ಅಲ್ಲದಿದ್ದರೆ? ಎಲ್ಲರೆದುರು ನಗೆಪಾಟಲಾದರೆ? ಅಷ್ಟು ಯೋಚಿಸುವುದರೊಳಗೆ ತುಣುಕು ಮಗುವಿನ ಬಾಯಿ ಸೇರಿತು.

“ಉಗುಳು ಮಗಾ! ನುಂಗ್ಬ್ಯಾಡ, ಉಗುಳು!”

ಮಗು ಬೆದರಿ ಉಗುಳಿ ಅಳತೊಡಗಿತು.

“ಏನವ್ವಾ, ದೆವ್ವಗಿವ್ವ ಮೆಟ್ಕತಾ ನಿಂಗೆ?” ಚಿಕ್ಕಸ್ವಾಮಿ ಗದರಿದರು.

“ಮೀನ್ನಾಗೆ ಹುಳ ಅದೆ ಮಾವ.”

“ಹೊಳೆಮೀನ್ನಾಗೆ ಹುಳ ಇರ್ದೆ ಮಲ್ಲಿಗೆ ಹೂವ ಇದ್ದಾತಾ? ಹುಟ್ಟಿದಾಗ್ಲಿಂದ ತಿಂತಾವ್ನಿ. ನೋಡು, ಗುಂಡ್ಕಲ್ಲಂಗಿವ್ನಿ!”

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಆಶಾ ಕಾರ್ಯಕರ್ತೆ ಅಖ್ತರ್ ಬೇಗಂ ಎದ್ದು ಬಂದು ನೋಡಿದರು. “ಹುಳಾನೇ ಕಣಮ್ಮ. ಎಲ್ಲಾ ಹುಳಾನೂ ಮನುಷ್ಯರಿಗೆ ಅಂಟಾಕಿಲ್ಲ. ಆದ್ರೆ ಯಾವ್ದು ಅಂಟ್ತದೆ ಅಂತ ನೋಡಿ ಹೇಳಾಕಾಗಲ್ಲ. ಕೆಲವು ಕಣ್ಣಿಗೇ ಕಾಣಾಕಿಲ್ಲ.”

“ಬೆಂಕಿಗಿಡ್ದಿವ್ನಿ, ಉಪ್ಪಾಕಿವ್ನಿ. ಇನ್ಯಾವ ಹುಳ ಬದುಕ್ತದೆ ಅಖ್ತರಮ್ಮ?”

“ಅಂಗಾದ್ರೆ ಮುರ್ದು ನೋಡಿ ಚಿಕ್ಕಸ್ವಾಮಣ್ಣ.”

ಅವರು ಹಟಕ್ಕೆ ಬಿದ್ದವರಂತೆ ಸುಟ್ಟ ಮೀನನ್ನು ಬೆನ್ನುದ್ದಕ್ಕೂ ಬಿಡಿಸಿದರು. ಮೇಲೆ ಕರ್ರಗೆ. ಒಳಗೆ ಮುಳ್ಳಿಗಂಟಿದ ಮಾಂಸ ಇನ್ನೂ ಕೆಂಪಗೆ, ಹಸಿ. ಅದರ ನಡುವೆ ದಾರದೆಳೆಯಂಥ ಹುಳವೊಂದು ಅಲುಗಿತು.

ಚಿಕ್ಕಸ್ವಾಮಿ ಮೀನನ್ನು ಬಿಸುಟು ಮೊಮ್ಮಗಳತ್ತ ತಿರುಗಿದರು. “ನುಂಗ್ಬುಟ್ಯಾ ಮಗಾ?”

“ಇಲ್ಲ ತಾತ. ಅವ್ವ ಎಲ್ಲಾನೂ ಉಗುಳಿಸ್ಬುಟ್ಲು.”

“ಬಾಯಿ ಚೆನ್ನಾಗಿ ಮುಕ್ಕಳಿಸ್ಲಿ,” ಎಂದರು ಅಖ್ತರ್ ಬೇಗಂ. “ನಾಳೆ ತಾತ ಮೊಮ್ಮಗಳು ಇಬ್ರೂ ಆಸ್ಪತ್ರೆಗೆ ಬನ್ನಿ. ಮೊದ್ಲು ನೀವು ತೋರಿಸ್ಕೊಳ್ಳಿ, ಇಷ್ಟ್ ವರ್ಸ ತಿಂದಿರೋರು. ನೀವ್ನೀವೇ ಮಾತ್ರೆ ನುಂಗ್ಬ್ಯಾಡಿ.”

ಮಧ್ಯಾಹ್ನ ಸಾರು ಕುದಿಯುವಾಗ ಚಿಕ್ಕಸ್ವಾಮಿ ಒಲೆ ಮುಂದಿಂದ ಏಳಲಿಲ್ಲ. ರಂಜಿತ ಸೌಟು ಹಿಡಿದಾಗಲೆಲ್ಲ, “ಇನ್ನೊಸಿ ಬೇಯ್ಲಿ ಕಣವ್ವ,” ಎನ್ನುತ್ತಿದ್ದರು.

ಅಕ್ಕ ಅಣ್ಣಂದಿರೇ, ಹೊಳೆಮೀನು ತಿನ್ನಬೇಡಿ ಎಂದು ಯಾರೂ ಹೇಳುತ್ತಿಲ್ಲ. ಒಳಗಿನ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಡುವ ತನಕ ಬೇಯಿಸಿ. ಉಪ್ಪು, ಹುಣಸೆಹುಳಿ ಸವರಿದರೆ ಹುಳ ಸಾಯುತ್ತದೆಂದು ನಂಬಬೇಡಿ. ಮೀನು ಕೊಯ್ದ ಕತ್ತಿ, ಮಣೆ, ಕೈಗಳನ್ನು ಸೋಪು ಹಾಕಿ ತೊಳೆದ ಮೇಲೆಯೇ ಈರುಳ್ಳಿ, ಸೌತೆಕಾಯಿ ಮುಟ್ಟಿ. ಹುಳ ಮತ್ತೆ ಹರಡದಂತೆ ಹಸಿ ಕರುಳನ್ನು ನಾಯಿಗೆ ಎಸೆಯದೆ, ಹೊಳೆಗೂ ಬಿಡದೆ ಹೂಳಿ.

ಇನ್ನೊಂದು ಮಾತು. ತಪ್ಪು ಮಾಡುತ್ತಿರುವವರು ಮನೆಯ ಹಿರಿಯರೇ ಆಗಿರಲಿ, ಮಗು ನುಂಗುವ ಮೊದಲೇ ಬಾಯಿಬಿಟ್ಟು ಹೇಳಿ.