ಹತ್ತಿ ಹಿಂಜುವ ಬಿಲ್ಲು

"ನೋಡ್ರಿ, ಡಿಎನ್‌ಎ ರಿಪೋರ್ಟು. ವಿದೇಶದಾಗ ಮಾಡ್ಸಿದ್ದು. ನಾವು ಮೂಲ ಇರಾನಿನೋರು," ಎಂದು ಮುಜಾಫರ್ ಕಾಗದವನ್ನು ಟೀಪಾಯಿ ಮೇಲೆ ಹಾಸಿ, ಅದರ ಮಡಿಕೆಯನ್ನು ಅಂಗೈಯಿಂದ ತೀಡಿದ.

ಸಿರುಗುಪ್ಪದಿಂದ ಮಗ ಅಲ್ತಾಫನೊಂದಿಗೆ ಹೆಣ್ಣು ನೋಡಲು ಬಂದಿದ್ದ ಇಮಾಮಹುಸೇನರು ಕನ್ನಡಕ ಏರಿಸಿದರು. ಇಂಗ್ಲಿಷ್ ಅವರಿಗೂ ಬಾರದು, ಮುಜಾಫರನಿಗೂ ಬಾರದು.

ಪರದೆಯ ಹಿಂದೆ ನಿಂತಿದ್ದ, ಅವರು ನೋಡಬೇಕಿದ್ದ ಹುಡುಗಿ ಗುಲ್ನಾಜ್‌ಗೆ ಆ ಕಾಗದ ಗೊತ್ತಿತ್ತು. ತಾಯಿ ಸತ್ತ ಮೇಲೆ ಏಳನೇ ತರಗತಿಗೇ ಶಾಲೆ ಬಿಟ್ಟು ಬಳ್ಳಾರಿಯ ಈ ಸೋದರಮಾವನ ಮನೆ ಸೇರಿದ್ದಳು. ಅದಿರಿನ ಲಾರಿ ಒಂದಿದ್ದದ್ದು ಆರಾಗುವ ಹೊತ್ತಿಗೆ ಮಾಮಾನಿಗೆ ಕುರುಗೋಡಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿದ ಹೆತ್ತವರೆಂದರೆ ನಾಚಿಕೆ. ಅಜ್ಜನ ಬಿಲ್ಲು ಅಟ್ಟ ಸೇರಿತ್ತು. ಅಜ್ಜಿ ಕುಲ್ಸುಂಬೀಗೆ ಇವತ್ತು ಹೊರಗೆ ಬರಬೇಡವೆಂದು ಅಪ್ಪಣೆಯಾಗಿತ್ತು.

ಪರೀಕ್ಷೆಗೆ ಉಗುಳು ತುಂಬಿ ಕಳಿಸುವ ಕೊಳವೆ ಬಂದಾಗ, ಉಗುಳುವ ಮುಂಚೆ ಅರ್ಧ ತಾಸು ಬಾಯಿಗೆ ಏನೂ ಹಾಕಬಾರದೆಂದು ತಂದುಕೊಟ್ಟವನು ಹೇಳಿದ್ದ. ಗುಟ್ಕಾ ಇಲ್ಲದೆ ಹತ್ತು ನಿಮಿಷ ಇರಲಾರದ ಮಾಮಾ, "ಲೇ ಗುಲ್ನಾಜ್, ನೀನ ಉಗುಳು. ನಮ್ಮಕ್ಕನ ಮಗಳು ನೀನು, ರಕ್ತ ಒಂದ ಅಲ್ಲೇನು?" ಎಂದಿದ್ದ.

ಕಾಗದ ಬಂದ ದಿನ ಅವಳು ಅದರಲ್ಲಿದ್ದ ನಕಾಶೆ ನೋಡಿದ್ದಳು. ಶಾಲೆಯ ಗೋಡೆಯ ನಕಾಶೆ ಇನ್ನೂ ಮರೆತಿರಲಿಲ್ಲ. ಮೂಲ ತೋರಿಸುವ ಬಣ್ಣ ಬಿದ್ದದ್ದು ಇರಾನಿನ ಮೇಲಲ್ಲ, ಕೆಳಗೆ, ಇಲ್ಲೇ. ಹೇಳಿದ್ದಕ್ಕೆ ಮಾಮಾ, "ಬಾಯಿ ಬಿಟ್ಟಿ ಅಂದ್ರ ಈ ಮನ್ಯಾಗ ಜಾಗ ಇಲ್ಲ" ಎಂದಿದ್ದ.

"ಕುರುಗೋಡಾಗ ಯಾರೋ ನಿಮ್ದು ಹತ್ತಿ ಹಿಂಜೋ ಮನಿ ಅಂದಿದ್ರಪಾ," ಎಂದರು ಇಮಾಮಹುಸೇನರು.

"ತೋಬಾ! ಆ ಮಂದಿಗೂ ನಮಗೂ ಏನ್ರಿ ಸಂಬಂಧ?"

ಒಳಗೆ ಮೊಮ್ಮಗಳ ಮದುವೆಯ ಗಾದಿಗೆಂದು ಹತ್ತಿ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಆ ನಿಂತ ಕೈ ನೋಡಿ ಗುಲ್ನಾಜ್ ಪರದೆ ಸರಿಸಿದಳು.

"ಆ ಉಗುಳು ನಂದು ರೀ." ಅವಳು ನಕಾಶೆಯ ಮೇಲೆ ಬೆರಳಿಟ್ಟಳು. "ಬಣ್ಣ ಎಲ್ಲಿ ಬಿದ್ದೈತಿ, ನೀವ ನೋಡ್ರಿ. ಹತ್ತಿ ಹಿಂಜಾಕಿ ನಮ್ಮಜ್ಜಿ ಒಳಗ ಕುಂತಾಳ."

"ಲೇ, ಒಳಗ ನಡಿ!"

ಅಲ್ತಾಫ್ ಬಾಗಿ ಕಾಗದ ಓದಿದ. "ಅಬ್ಬಾ, ದಕ್ಷಿಣ ಭಾರತ ಅಂತ ಬರದಾರ," ಎಂದ ತಂದೆಗೆ, ಮೆಲ್ಲಗೆ.

ಮುಜಾಫರ್ ಕಾಗದ ಕಸಿದುಕೊಂಡ. "ನಾಳೆ ಕುರುಗೋಡು ಬಸ್ ಹತ್ತು! ನೀನೂ ಆ ಮುದುಕೀನೂ!"

"ನಾಳೆ ತನಕ ಯಾಕ ಮಾಮಾ? ಸಂಜಿ ಬಸ್ ಐತಲ್ಲ."

ಅವಳು ಸ್ಟೂಲು ಎಳೆದು ಹತ್ತಿ, ಅಟ್ಟದ ಮೇಲಿನ ಬಿಲ್ಲನ್ನು ಇಳಿಸಿದಳು. ಅದು ಅವಳಿಗಿಂತ ಉದ್ದವಿತ್ತು. ಅಜ್ಜಿಯ ಕೋಣೆಯ ಬಾಗಿಲಲ್ಲಿ ಓರೆ ಮಾಡಿ ಒಯ್ಯಬೇಕಾಯಿತು. ಹೊರಗೆ ಯಾರೂ ಏಳಲಿಲ್ಲ. ಬಂದವರಿಗೆ ಇಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

ಅಜ್ಜಿ ತಂತಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿದಳು. "ಸಡಲಾಗೇತವ್ವ."

"ಬಿಗಿ ಮಾಡು."

ಅಜ್ಜಿ ಬಿಗಿದು ಮೀಟಿದಳು. ತಂತಿ ಗುಂಯ್ಗುಟ್ಟಿತು. ಅದಕ್ಕೆ ಮೆತ್ತಿದ್ದ ಅದಿರಿನ ಕೆಂಪು ಧೂಳು ಉದುರಿ, ಬಿಳಿ ಹತ್ತಿಯ ಮೇಲೆ ಕೂತಿತು.