ಎಡವಿದ್ದೋ, ಜಾರಿದ್ದೋ

ಅಪಘಾತ ವರದಿಯ ನಾಲ್ಕನೆಯ ಕಲಮಿನಲ್ಲಿ ಹೋಟೆಲಿನ ಮ್ಯಾನೇಜರ್ ‘ಪಾತ್ರೆ ತೊಳೆಯುವಾಕೆ ಎಡವಿ ಬಿದ್ದರು’ ಎಂದು ಬರೆದು, ಕಾಗದವನ್ನು ಆಕೆಯ ಮುಂದಕ್ಕೆ ತಳ್ಳಿದ. ಆಕೆಯ ಎಡಗೈ ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರಿನಲ್ಲಿತ್ತು. ಸಹಿ ಹಾಕಲು ಬಲಗೈ ಸಾಕೆಂದು ಅವನು ನೆನಪಿಸಿದ.

ಎಡವುವುದು ನಡೆಯುವವರ ಅಜಾಗರೂಕತೆ. ಜಾರುವುದು ನೆಲದ ದೋಷ. ತಟ್ಟೆಗಳನ್ನು ಒಡೆದುದಕ್ಕೆ ಆಕೆಯ ಹೆಸರಿನಲ್ಲಿ ಆಗಲೇ ಒಂದು ಅಜಾಗರೂಕತೆ ದಾಖಲಾಗಿತ್ತು. ಎರಡನೆಯದು ಸೇರಿದರೆ ಕೆಲಸ ಹೋಗುತ್ತಿತ್ತು. ಆಕೆ ಜಾರಿದ್ದಳು.

ಮುಖ್ಯ ಅಡುಗೆಯವನು ಕರಿದದ್ದನ್ನು ಜರಡಿ ಸೌಟಿನಲ್ಲಿ ಎತ್ತಿ, ಕೆಳಗೆ ತಟ್ಟೆ ಹಿಡಿಯದೆ, ಒಲೆಯಿಂದ ಕಟ್ಟೆಯವರೆಗೆ ಆರು ಹೆಜ್ಜೆ ಒಯ್ಯುತ್ತಿದ್ದ. ಆ ದಾರಿಯುದ್ದಕ್ಕೂ ಎಣ್ಣೆ ತೊಟ್ಟಿಕ್ಕುತ್ತಿತ್ತು; ಆಕೆ ಬಿದ್ದದ್ದು ಅಲ್ಲೇ. ತಟ್ಟೆ ಹಿಡಿಯುವುದು ಹೊಸಬರ ಲಕ್ಷಣವೆಂಬುದು ಅವನ ಅಭಿಮತ. ಅವನು ಆಕೆಯ ಅಕ್ಕನ ಗಂಡ. ಈ ಕೆಲಸ ಕೊಡಿಸಿದವನೂ ಅವನೇ, ಈಗ ಸಾಕ್ಷಿಯಾಗಿ ಬಾಗಿಲಿಗೆ ಒರಗಿ ನಿಂತವನೂ ಅವನೇ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ.

“ಡೊಂಕಲ್ಲ ಭಾವ, ಜಿಡ್ಡು.”

ಮ್ಯಾನೇಜರ್ ಅವನತ್ತ ತಿರುಗಿದ. ತಾನು ಕಣ್ಣಾರೆ ಕಂಡಿದ್ದೇನೆ, ಇವಳಿಗೆ ಚಿಕ್ಕಂದಿನಿಂದಲೂ ಕಣ್ಣು ನೆತ್ತಿಯ ಮೇಲೆ, ಎಡವಿಯೇ ಬಿದ್ದಳು ಎಂದು ಭಾವ ಒಂದೇ ಉಸಿರಿನಲ್ಲಿ ಹೇಳಿದ.

ಆಕೆ ಐದನೆಯ ಕಲಮಿನ ಮೇಲೆ ಬೆರಳಿಟ್ಟಳು. ಅಲ್ಲಿ ‘ಎಡವಿದ್ದರೆ, ಯಾವುದನ್ನು?’ ಎಂದು ಅಚ್ಚಾಗಿತ್ತು.

“ಹೇಳಿ ಭಾವ. ಏನನ್ನ ಎಡವಿದೆ?”

ಭಾವ ಅಷ್ಟು ದೂರ ಯೋಚಿಸಿರಲಿಲ್ಲ. “ಬಕೆಟ್ಟು,” ಎಂದ.

ಮ್ಯಾನೇಜರನ ಪೆನ್ನು ನಿಂತಿತು. ಆ ದಾರಿಯಲ್ಲಿ ಯಾವ ವಸ್ತುವನ್ನೂ ಇಡಕೂಡದೆಂಬ ನಿಯಮಕ್ಕೆ ಹೊಣೆಗಾರನೆಂದು ಸಹಿ ಹಾಕಿದ್ದವನು ಭಾವನೇ. ಬಕೆಟ್ಟು ಇಟ್ಟವರು ಯಾರೆಂದು ಮ್ಯಾನೇಜರ್ ಕೇಳಿದ. ಭಾವ ತಡಬಡಿಸಿ, ಬಕೆಟ್ಟು ಇರಲಿಲ್ಲ, ದಾರಿ ಖಾಲಿಯಿತ್ತು ಎಂದ. ಖಾಲಿ ದಾರಿಯಲ್ಲಿ ಎಡವುವುದು ಹೇಗೆಂದು ಮ್ಯಾನೇಜರ್ ಮರುಪ್ರಶ್ನೆ ಹಾಕಿದ.

ಮ್ಯಾನೇಜರನಿಗೆ ಆಕೆಯ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ಸುಳ್ಳು ವರದಿಗೆ ನಾಳೆ ತನ್ನ ತಲೆ ಕೊಡಬೇಕಾದೀತೆಂದು ಹೆದರಿದ. ‘ಎಡವಿ’ಯನ್ನು ಹೊಡೆದುಹಾಕಿ ‘ಜಾರಿ’ ಎಂದು ಬರೆದ. ಕಾರಣ: ನೆಲದ ಮೇಲೆ ಎಣ್ಣೆ. ಹೊಣೆ: ಮುಖ್ಯ ಅಡುಗೆಯವನು.

ಆಕೆ ಸಹಿ ಹಾಕಿ, ಸಾಕ್ಷಿಯ ಸಹಿಗೆಂದು ಕಾಗದವನ್ನು ಭಾವನ ಕಡೆಗೆ ತಿರುಗಿಸಿದಳು.

“ಉಂಡ ಮನೆಗೆ ಎರಡು ಬಗೆದೆ,” ಎಂದ ಅವನು. “ಇನ್ನು ನಮ್ಮನೆ ಬಾಗಿಲು ನಿನಗೆ ಮುಚ್ಚಿತು. ಅಕ್ಕನ್ನ ಮರೆತುಬಿಡು.”

“ಬಾಗಿಲು ಆಮೇಲೆ ಹಾಕ್ಕೊಳ್ಳಿ ಭಾವ. ಮೊದಲು ಸಹಿ ಹಾಕಿ.”